ಮಾತ್ರೆ ನುಂಗುವವಳ ಹೊಟ್ಟೆನೋವು

ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡುವುದು ರೂಢಿ. ಈ ಪತ್ರ ಓದಿ ಮುಗಿಸಿದ ಮೇಲೆ ಆ ಪದ ನಿಮಗೆ ಒಪ್ಪುತ್ತದೋ ಇಲ್ಲವೋ ನೀವೇ ತೀರ್ಮಾನಿಸಿಕೊಳ್ಳಿ. ವಿಷಯ ಇಷ್ಟು. ನಿಮ್ಮ ತುರ್ತು ಚಿಕಿತ್ಸೆಯ ವಿಭಾಗದವರು ನನ್ನ ಮೊಮ್ಮಗಳ ಹೊಟ್ಟೆನೋವನ್ನು ನಂಬಲಿಲ್ಲ. ಕಾರಣ, ಅವಳು ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾಳೆ. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗುವವರೆಗೆ ಅವಳನ್ನು ಬೆಂಚಿನ ಮೇಲೆ ಕೂರಿಸಿದ್ದರು. ಹೊಟ್ಟೆ ವಾಸಿಯಾಯಿತು. ಆದರೆ ಅವಳೀಗ ಮನಸ್ಸಿನ ಮಾತ್ರೆಯನ್ನೇ ಬಿಟ್ಟಿದ್ದಾಳೆ. ಅದಕ್ಕೆ ಹೊಣೆ ನೀವು. ಮಿಕ್ಕಿದ್ದೆಲ್ಲ ವಿವರ ಮತ್ತು ಬೈಗುಳ. ಬಿಡುವಿದ್ದರೆ ಓದಿ. ಬಿಡುವಿಲ್ಲದಿದ್ದರೂ ಓದಿ.

ನಾನು ಯಾರು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಟಾಕೀಸಿನ ಟಿಕೆಟ್ ಕಿಂಡಿಯ ಹಿಂದೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವಳು. ಓದು ಕಡಿಮೆ, ತಮ್ಮಂದಿರನ್ನು ಎತ್ತಿಕೊಳ್ಳಲು ಆಳು ಬೇಕೆಂದು ಮನೆಯವರು ಬೇಗನೆ ಶಾಲೆ ಬಿಡಿಸಿದರು. ಬಾಯಿ ಜೋರು. ಸಾಲು ಮುರಿದು ನುಗ್ಗಿದವರಿಗೆ, ‘ಸಿನಿಮಾ ಚೆನ್ನಾಗಿದೆಯಾ’ ಎಂದು ಕಿಂಡಿಯೊಳಗೆ ಮೂಗು ತೂರಿಸಿ ಕೇಳಿದವರಿಗೆ ನಾನು ಕೊಟ್ಟ ಉತ್ತರಗಳನ್ನು ನಮ್ಮ ಬೀದಿಯ ಹಳಬರು ಇವತ್ತಿಗೂ ನೆನೆಸಿಕೊಂಡು ನಗುತ್ತಾರೆ. ಆದ್ದರಿಂದ ನಿಮ್ಮವರು ಸಿಹಿಯಾಗಿ ಮಾತಾಡಲಿಲ್ಲ ಎಂಬುದು ನನ್ನ ದೂರಲ್ಲ. ಸಿಡುಕು ಬೇರೆ, ತಾತ್ಸಾರ ಬೇರೆ. ಸಿಡುಕುವವನು ನಿಮ್ಮ ಮುಖ ನೋಡಿಯೇ ಸಿಡುಕುತ್ತಾನೆ. ತಾತ್ಸಾರ ಮಾಡುವವನಿಗೆ ನೀವು ಎದುರಿಗೆ ನಿಂತಿದ್ದರೂ ಲೆಕ್ಕಕ್ಕಿಲ್ಲ. ನಾನು ಬೈದವರೆಲ್ಲ ಕೊನೆಗೆ ಟಿಕೆಟ್ ತೆಗೆದುಕೊಂಡೇ ಒಳಗೆ ಹೋದರು.

ನನ್ನ ಮೊಮ್ಮಗಳಿಗೆ ಇಪ್ಪತ್ತು ವರ್ಷ. ಮನೆಯಲ್ಲಿ ಲಾಯರಮ್ಮ ಎಂದು ಕರೆಯುತ್ತೇವೆ. ಮಾತು ಬಂದ ದಿನದಿಂದಲೂ ವಾದ. ‘ಹಲ್ಲುಜ್ಜೇ’ ಅಂದರೆ ‘ನಿನ್ನೆ ಉಜ್ಜಿದ್ನಲ್ಲ, ಅದೆಲ್ಲಿ ಹೋಯ್ತು’ ಅನ್ನುವ ಜಾತಿ. ಕಟ್ಟಡಗಳ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದಳು. ಒಂದು ವರ್ಷ ಅವಳ ವಾದವೇ ನಿಂತುಹೋಯಿತು. ಮೊದಲು ನಿದ್ದೆ ಹೋಯಿತು, ಆಮೇಲೆ ಹಸಿವು, ಆಮೇಲೆ ಸ್ನಾನ. ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ಕೂತಿರುತ್ತಿದ್ದಳು, ಕೈ ಮೇಲೇಳುತ್ತಿರಲಿಲ್ಲ. ‘ನಾನು ಸೋಮಾರಿ ಅಲ್ಲ ಅಜ್ಜಿ, ಆಗ್ತಾ ಇಲ್ಲ’ ಎಂದಳು. ಎಲ್ಲದಕ್ಕೂ ನೂರು ಮಾತಾಡುವವಳು ಇಷ್ಟೇ ಹೇಳಿದ್ದು. ಅವಳ ಅಮ್ಮ, ಅಂದರೆ ನನ್ನ ಮಗಳು, ಬಿಸ್ಕತ್ತು ಕಾರ್ಖಾನೆಯಲ್ಲಿ ಹಗಲು ಪಾಳಿಗೆ ಹೋಗುತ್ತಾಳೆ. ಹಾಗಾಗಿ ಹುಡುಗಿಯನ್ನು ನಿಮ್ಮ ಆಸ್ಪತ್ರೆಗೆ ಕರೆದುಕೊಂಡು ಬಂದವಳು ನಾನು.

ನ್ಯಾಯ ಹೇಳಬೇಕು. ನಿಮ್ಮ ಮೇಲಿನ ಮಹಡಿಯಲ್ಲಿ ಕೂರುವ ಮನಸ್ಸಿನ ಡಾಕ್ಟರು ಮನುಷ್ಯರು. ಅವರದೂ ಗಂಟುಮುಖವೇ. ನಗುವುದು ನಾನು ನೋಡಿಲ್ಲ. ಎರಡನೇ ಸಲ ಹೋದಾಗ ಅವಳನ್ನು ಕೇಳಿದರು, ‘ಮಾತ್ರೆ ನುಂಗಿದ್ಯಾ?’

‘ಮಧ್ಯೆ ಒಂದಷ್ಟು ದಿನ ಮರೆತೆ.’

‘ಮರೆತ್ಯಾ, ಬೇಡ ಅನ್ನಿಸ್ತಾ?’

ಅವಳು ಯೋಚಿಸಿ, ‘ಬೇಡ ಅನ್ನಿಸ್ತು’ ಎಂದಳು.

‘ಹಾಗಂತ ಹೇಳು ಮತ್ತೆ. ಮರೆತೆ ಅಂದ್ರೆ ನೆನಪು ಮಾಡೋಕೆ ಅಜ್ಜಿಗೆ ಹೇಳ್ತೀನಿ. ಬೇಡ ಅನ್ನಿಸ್ತು ಅಂದ್ರೆ ಯಾಕೆ ಅಂತ ಕೇಳಿ ಮಾತ್ರೆ ಬದಲಾಯಿಸ್ತೀನಿ. ನಂಗೆ ಸುಳ್ಳು ಹೇಳಿದ್ರೆ ನಷ್ಟ ನಿಂಗೇ.’

ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳು, ‘ಅಜ್ಜಿ, ಈ ಮನುಷ್ಯ ವಾದಕ್ಕೆ ಬರ್ತಾನೆ’ ಎಂದಳು. ನಮ್ಮ ಲಾಯರಮ್ಮನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ನಿಧಾನಕ್ಕೆ ಊಟ ಸೇರಿತು. ತಲೆ ಬಾಚಿಕೊಂಡಳು. ನಕ್ಷೆಯ ಹಲಗೆ ಮಂಚದ ಕೆಳಗಿನಿಂದ ಮೇಲೆ ಬಂತು. ಆ ಡಾಕ್ಟರು ಎರಡು ಮಾತು ಒತ್ತಿ ಹೇಳಿದ್ದರು. ತಾನಾಗಿ ಮಾತ್ರೆ ನಿಲ್ಲಿಸಬಾರದು. ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ಹೇಳಬೇಕು. ಅವರು ಹೇಳಿದ್ದು ಸರಿಯೇ. ತಮ್ಮ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ಎಂಥವರಿದ್ದಾರೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಈ ಚಳಿಗಾಲದ ಒಂದು ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ವಾಂತಿ. ಮೈ ಸುಡುತ್ತಿತ್ತು. ನೆಟ್ಟಗೆ ನಿಲ್ಲಲಾಗದೆ ಬಿಲ್ಲಿನಂತೆ ಬಾಗಿದ್ದಳು. ಗಾಡಿ ಹಿಡಿದು ನಿಮ್ಮ ತುರ್ತು ವಿಭಾಗಕ್ಕೆ ತಂದೆ. ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಬಾಗಿಲಲ್ಲಿದ್ದ ನರ್ಸಮ್ಮ ‘ಬಾ ಪುಟ್ಟ, ಮೆಲ್ಲಗೆ, ಇಲ್ಲಿ ಮಲಗು’ ಎಂದು ಕೈ ಹಿಡಿದು ಹಾಸಿಗೆಗೆ ಏರಿಸಿದಳು. ಜ್ವರ ನೋಡಿದಳು. ಪಕ್ಕದಲ್ಲಿ ಕಿರಿಯ ಡಾಕ್ಟರೊಬ್ಬರು, ಮೀಸೆ ಈಗಷ್ಟೇ ಬಂದವರು, ಬರೆದುಕೊಳ್ಳುತ್ತಿದ್ದರು. ಆಮೇಲೆ ನರ್ಸಮ್ಮ ಕೇಳಿದಳು, ‘ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತಿದ್ಯಾ?’

ಹುಡುಗಿ ನೋವಿನಲ್ಲೂ ಸ್ಪಷ್ಟವಾಗಿ ಎರಡು ಮಾತ್ರೆಯ ಹೆಸರು ಹೇಳಿದಳು, ಮೇಲಿನ ಮಹಡಿಯ ಡಾಕ್ಟರು ಕೊಟ್ಟದ್ದು ಎಂದೂ ಹೇಳಿದಳು. ನರ್ಸಮ್ಮ ಡಾಕ್ಟರ ಕಡೆ ತಿರುಗಿ ಹುಬ್ಬು ಹಾರಿಸಿದಳು. ಡಾಕ್ಟರು ‘ಓ, ಹಾಗೆ’ ಎಂದರು, ಪೆನ್ನಿನ ಮುಚ್ಚಳ ಹಾಕಿದರು. ಅಧಿಕಾರಿಗಳೇ, ನನ್ನ ಆಯುಸ್ಸಿನಲ್ಲಿ ಎಷ್ಟೋ ಪರದೆ ಇಳಿದದ್ದು ನೋಡಿದ್ದೇನೆ, ಮನುಷ್ಯರ ಮುಖದ ಮೇಲೆ ಅಷ್ಟು ಬೇಗ ಇಳಿದದ್ದು ನೋಡಿರಲಿಲ್ಲ. ಪುಟ್ಟ ಎಂಬ ಪದ ಅಲ್ಲಿಗೆ ಸತ್ತಿತು. ‘ಏಳಮ್ಮ, ಈ ಬೆಡ್ ಪೇಷಂಟಿಗೆ ಬೇಕು’ ಎಂದಳು ನರ್ಸಮ್ಮ. ಅಂದರೆ ಅಲ್ಲಿ ಮಲಗಿದ್ದವಳು ಪೇಷಂಟ್ ಅಲ್ಲ, ಬೇರೆ ಏನೋ.

ಡಾಕ್ಟರು ಅವಳನ್ನು ಬಿಟ್ಟು ನನ್ನನ್ನು ಕೇಳಿದರು, ‘ಯಾವಾಗಿಂದ ಹೀಗಾಡ್ತಾಳೆ?’

‘ಹೀಗೆ ಅಂದ್ರೆ?’

‘ಅದೇ, ಈ ಥರ.’

‘ಹೊಟ್ಟೆನೋವು ಬೆಳಿಗ್ಗೆಯಿಂದ.’

‘ಮನೇಲಿ ಏನಾದ್ರೂ ಜಗಳ ಆಯ್ತಾ? ಪರೀಕ್ಷೆ ಗಿರೀಕ್ಷೆ ಹತ್ರ ಬಂತಾ? ಮೊಬೈಲ್ ಕಿತ್ಕೊಂಡ್ರಾ?’

‘ಡಾಕ್ಟ್ರೇ, ಅವಳಿಗೂ ಬಾಯಿದೆ. ಅವಳನ್ನೇ ಕೇಳಿ.’

‘ಇಂಥವರು ಹೇಳೋದನ್ನೆಲ್ಲ ನಂಬೋಕಾಗಲ್ಲ ಅಜ್ಜಿ. ಇಲ್ಲದ ನೋವು ಇದೆ ಅನ್ಸುತ್ತೆ ಇವರಿಗೆ. ನಾವು ಗಮನ ಕೊಟ್ಟಷ್ಟೂ ಜಾಸ್ತಿ ಆಗುತ್ತೆ. ಸ್ವಲ್ಪ ಹೊತ್ತು ಹೊರಗೆ ಕೂತಿರಲಿ.’

ಅವಳ ಮುಂದೆಯೇ ಹೇಳಿದರು. ಕುರ್ಚಿ ಮೇಜಿನ ಮುಂದೆ ಆಡುವ ಹಾಗೆ.

ಆ ‘ಹೊರಗೆ’ ಎಂಬುದು ಎಲ್ಲಿದೆ ಎಂದು ನಿಮಗೆ ಗೊತ್ತೇ? ನೀವು ಅಲ್ಲಿಗೆ ಹೋಗಿರಲಿಕ್ಕಿಲ್ಲ. ಮೊಗಸಾಲೆಯ ತುದಿಯಲ್ಲಿ, ಮಾಸಿದ ಹೊದಿಕೆಗಳ ತಳ್ಳುಗಾಡಿ ನಿಲ್ಲಿಸುವ ಜಾಗದ ಪಕ್ಕ, ಒಂದು ಕಬ್ಬಿಣದ ಬೆಂಚಿದೆ. ನೆಲ ಒರೆಸುತ್ತಿದ್ದ ಆಯಾ ನಮ್ಮನ್ನು ಕಂಡು ಮಾಪು ಗೋಡೆಗೆ ಒರಗಿಸಿದಳು. ‘ಇಲ್ಲಿ ಕಳಿಸಿದ್ರಾ ಅಜ್ಜಿ? ಇದು ತಣ್ಣಗಾಗೋ ಬೆಂಚು.’

‘ಹಾಗಂದ್ರೇನು?’

‘ತಲೆ ಕೇಸಿನ ಹುಡುಗ್ರು ಹುಡುಗೀರು ಬಂದ್ರೆ ಇಲ್ಲೇ ಕೂರ್ಸೋದು. ಯಾರೂ ತಿರುಗಿ ನೋಡಲ್ಲ. ಕೂತು ಕೂತು ತಣ್ಣಗಾಗಿ ತಾವೇ ಎದ್ದು ಹೋಗ್ತಾರೆ. ನಾನು ಬಂದಾಗ್ಲಿಂದ ಹೀಗೇ.’

ಪಾಪ, ಅವಳೇನೂ ಕೆಟ್ಟದ್ದಕ್ಕೆ ಹೇಳಲಿಲ್ಲ. ಶೌಚಾಲಯ ಎಲ್ಲಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು. ನಿಮ್ಮ ಆಸ್ಪತ್ರೆಯಲ್ಲಿ ಇದೊಂದು ಪದ್ಧತಿ. ಇದನ್ನು ಯಾವ ವೈದ್ಯಶಾಸ್ತ್ರದ ಪುಸ್ತಕದಿಂದ ತೆಗೆದಿರಿ? ಎದ್ದುಹೋದವರು ವಾಸಿಯಾಗಿ ಹೋದರೋ, ಬೇಸತ್ತು ಹೋದರೋ, ಹೋಗಿ ಏನಾದರೋ, ಯಾರಾದರೂ ವಿಚಾರಿಸಿದ್ದಾರೆಯೇ? ತಿರುಗಿ ಬರದಿರುವುದನ್ನೇ ಗುಣವಾದ ಗುರುತು ಎನ್ನುವುದಾದರೆ ಸ್ಮಶಾನದವರೂ ಹೆಮ್ಮೆಪಡಬಹುದು, ಅಲ್ಲಿಗೆ ಬಂದವರು ಯಾರೂ ಎರಡನೇ ಸಲ ದೂರು ತರುವುದಿಲ್ಲ.

ಆ ಬೆಂಚಿನ ಮೇಲ್ಗಡೆ ಗೋಡೆಗೆ ನೀವು ದೊಡ್ಡದೊಂದು ಬಣ್ಣದ ಚಿತ್ರ ಅಂಟಿಸಿದ್ದೀರಿ. ಹಲ್ಲು ಬಿಟ್ಟು ನಗುವ ಹುಡುಗಿ. ಕೆಳಗೆ, ‘ಮನಸ್ಸಿನ ನೋವನ್ನು ಮುಚ್ಚಿಡಬೇಡಿ. ಹೇಳಿಕೊಳ್ಳಿ. ನಾವಿದ್ದೇವೆ.’ ನೀವಿದ್ದಿರಿ, ಸರಿ. ಇವಳು ಹೇಳಿಕೊಂಡಳು, ಅದೂ ಸರಿ. ಹೇಳಿಕೊಂಡದ್ದಕ್ಕೇ ಆ ಚಿತ್ರದ ಬುಡದಲ್ಲಿ ಬಂದು ಕೂತಳು. ಮುಚ್ಚಿಟ್ಟಿದ್ದರೆ ಹಾಸಿಗೆ ಸಿಗುತ್ತಿತ್ತು.

ಅಷ್ಟರಲ್ಲಿ ಬೈಕಿನಿಂದ ಬಿದ್ದ ಯುವಕನೊಬ್ಬನನ್ನು ತಂದರು. ಗೆಳೆಯರ ಜತೆ ಪಂದ್ಯ ಕಟ್ಟಿ ಓಡಿಸಿ ಕಾಲು ಮುರಿದುಕೊಂಡಿದ್ದ. ನಾಲ್ಕು ಜನ ಓಡಿಬಂದರು. ‘ಏನಪ್ಪಾ ಹೀರೋ, ರಸ್ತೆ ನಿಮ್ಮಪ್ಪಂದಾ’ ಎಂದು ಅದೇ ನರ್ಸಮ್ಮ ಗದರಿಸುತ್ತಲೇ ತಲೆಯ ಕೆಳಗೆ ದಿಂಬಿಟ್ಟಳು. ಸಂತೋಷ. ಇಡಬೇಕಾದದ್ದೇ. ಆದರೆ ನನಗೊಂದು ಅನುಮಾನ. ಬೇಕೆಂದೇ ಮೂರ್ಖತನ ಮಾಡಿ ಕಾಲು ಮುರಿದುಕೊಂಡವನ ನೋವು ನಿಜ. ಏನೂ ಮಾಡದೆ ಕಾಯಿಲೆ ಬಿದ್ದವಳ ನೋವು ನಾಟಕ. ಇದು ಯಾವ ಊರಿನ ನ್ಯಾಯ? ಎಲುಬು ಚಿತ್ರದಲ್ಲಿ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ ಎನ್ನುತ್ತೀರಾ? ಹಾಗಾದರೆ ಕಾಣದ್ದನ್ನು ಕೇಳಿ ತಿಳಿಯಬೇಕಲ್ಲವೇ? ಕೇಳುವುದಕ್ಕೆ ನಿಮ್ಮವರಿಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಕೊಳವೆ ಬೇರೆ ಕೊಟ್ಟಿದ್ದೀರಿ, ಕೊರಳಿಗೆ ಹಾಕಿಕೊಂಡು ತಿರುಗಲಿಕ್ಕೆ.

ಬೆಂಚಿನ ಮೇಲೆ ಅವಳು ಮೊದಲು ನರಳುತ್ತಿದ್ದಳು. ಒಬ್ಬರು ಹಾದುಹೋಗುತ್ತ ‘ಶುರುವಾಯ್ತು ನೋಡು’ ಎಂದು ಇನ್ನೊಬ್ಬರಿಗೆ ಹೇಳಿ ನಕ್ಕರು. ಅವಳು ಸೆರಗಿನಷ್ಟು ಉದ್ದದ ನನ್ನ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ‘ಸದ್ದು ಮಾಡಿದ್ರೆ ನಾಟಕ ಅಂತಾರೆ ಅಜ್ಜಿ’ ಎಂದಳು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು ಇಣುಕಿ, ‘ನೋಡಿದ್ರಾ ಅಜ್ಜಿ, ಯಾರೂ ಮಾತಾಡಿಸ್ದೆ ಇದ್ರೆ ಹೇಗೆ ಸುಮ್ಮನಾಗ್ತಾರೆ’ ಎಂದು ಹೋದಳು. ನರಳಿದರೆ ನಾಟಕ, ನರಳದಿದ್ದರೆ ವಾಸಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವಳ ತುಟಿ ಬಿಳಿಚಿಕೊಂಡದ್ದು ಕಂಡಾಗ ನಾನು ಎದ್ದು ನಿಂತು ಕೂಗಿದೆ. ಏನು ಕೂಗಿದೆ ಎಂದು ಇಲ್ಲಿ ಬರೆಯುವಂತಿಲ್ಲ. ಹೌಸ್‌ಫುಲ್ ಆದ ದಿನಗಳಲ್ಲಿ ಬೀದಿಯ ಆ ತುದಿಗೆ ಕೇಳುತ್ತಿದ್ದ ಗಂಟಲು, ನಿಮ್ಮ ಮೊಗಸಾಲೆ ಅದಕ್ಕೆ ಯಾವ ಲೆಕ್ಕ? ಕಾವಲುಗಾರ ಬಂದು ನನ್ನ ತೋಳು ಹಿಡಿದ. ಆ ಗಲಾಟೆಗೆ ಒಳಗಿನಿಂದ ಹಿರಿಯ ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ಹೊರಗೆ ಬಂದರು. ಅವರು ನನ್ನನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದರು. ಬೆಂಚಿನ ಮೇಲೆಯೇ ಮಲಗಿಸಿ ಹೊಟ್ಟೆಯ ಬಲಗಡೆ ಮೆಲ್ಲಗೆ ಒತ್ತಿ ಕೈ ತೆಗೆದರು. ಅವಳು ಚೀರಿದಳು. ಡಾಕ್ಟರಮ್ಮ ತಲೆ ಎತ್ತದೆ ಕೇಳಿದರು, ‘ಇವಳನ್ನ ಇಲ್ಲಿ ಕೂರಿಸಿದ್ದು ಯಾರು?’

ಯಾರೂ ಅಲ್ಲ. ಅವಳೇ ಹಾರಿ ಬಂದು ಕೂತಿದ್ದಳೇನೋ.

ಶಸ್ತ್ರಚಿಕಿತ್ಸೆ ಆಯಿತು. ಅಪೆಂಡಿಕ್ಸ್ ಆಗಲೇ ಒಡೆದಿತ್ತು. ಕೀವು ಹೊರಗೆ ಹೋಗಲು ಹೊಟ್ಟೆಗೆ ಕೊಳವೆ ಹಾಕಿದ್ದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮ ನೇರವಾಗಿ ಹೇಳಿದರು. ಅವರಿಗೆ ನನ್ನ ನಮಸ್ಕಾರ. ಅವಳು ವಾರ್ಡಿನಲ್ಲಿದ್ದಾಗ ನಮ್ಮ ಹಳೆಯ ನರ್ಸಮ್ಮ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಳು. ಹಾಸಿಗೆಯ ಹತ್ತಿರ ನಿಂತು, ‘ಅಯ್ಯೋ, ನಿಜವಾಗ್ಲೂ ನೋವಿತ್ತಲ್ಲೇ ನಿಂಗೆ. ಸರಿಯಾಗಿ ಹೇಳ್ಬಾರ್ದಿತ್ತಾ?’ ಎಂದಳು. ನಗುತ್ತಲೇ ಹೇಳಿದಳು. ಕಾವಲುಗಾರ ಹಿಡಿದಿದ್ದ ನನ್ನ ತೋಳು ಇನ್ನೂ ನೋಯುತ್ತಿತ್ತು, ಇಲ್ಲದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅದಕ್ಕೆ ಉತ್ತರವನ್ನು ಹುಡುಗಿ ಮನೆಗೆ ಬಂದ ಮೇಲೆ ಹೇಳಿದಳು. ಊಟವಾದ ಮೇಲೆ ಮಾತ್ರೆ ತಂದುಕೊಟ್ಟೆ. ಕೈಚಾಚಲಿಲ್ಲ.

‘ಅಜ್ಜಿ, ನಾನು ಈ ಮಾತ್ರೆ ತಗೊಳ್ಳೋವರೆಗೆ ನನ್ನ ಹೊಟ್ಟೆನೋವು ಸುಳ್ಳು. ಅಲ್ವಾ?’

‘ಯಾವನೋ ತಲೆಕೆಟ್ಟವನು ಅಂದ ಅಂತ...’

‘ತಲೆಕೆಟ್ಟಿರೋದು ನಂಗೆ ಅಜ್ಜಿ, ಅವರಿಗಲ್ಲ. ಅದೇ ಅಲ್ವಾ ಕಷ್ಟ. ಮಾತ್ರೆ ತಗೊಂಡ್ರೆ ನಾನು ಹೇಳೋದು ಯಾವುದೂ ನಿಜ ಅಲ್ಲ. ನಾಳೆ ಎದೆನೋವು ಬಂದ್ರೂ ಅಲ್ಲ. ಮಾತ್ರೆ ಬಿಟ್ರೆ, ಕೇಳಿದವರಿಗೆ ಏನೂ ತಗೊಳ್ಳಲ್ಲ ಅಂತ ಹೇಳಬಹುದು. ಆಗ ಬೆಡ್ ಸಿಗುತ್ತೆ. ನೀನೇ ಹೇಳು, ಯಾವುದು ವಾಸಿ?’

ಅಧಿಕಾರಿಗಳೇ, ಅವಳ ವಾದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ತಪ್ಪಿದ್ದದ್ದು ಅವಳ ವಾದದಲ್ಲಲ್ಲ, ನಿಮ್ಮ ಆಸ್ಪತ್ರೆಯಲ್ಲಿ. ಅವತ್ತಿನಿಂದ ಮಾತ್ರೆ ಇಲ್ಲ. ಮೇಲಿನ ಮಹಡಿಯ ಡಾಕ್ಟರ ಹತ್ತಿರ ಹೋಗೋಣ ಎಂದರೆ, ಅವರ ಹತ್ತಿರ ಹೋಗಲು ಕೆಳಗಿನ ಮೊಗಸಾಲೆ ದಾಟಬೇಕಲ್ಲ, ದಾಟುವುದಿಲ್ಲ ಎನ್ನುತ್ತಾಳೆ. ನಿದ್ದೆ ಮತ್ತೆ ಹೋಗಿದೆ. ಕಿಟಕಿಯ ಪರದೆ ಸರಿಸಲು ಬಿಡುವುದಿಲ್ಲ. ಮಗಳು ಪಾಳಿ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲು ನನ್ನ ಮುಖ ನೋಡುತ್ತಾಳೆ, ನಾನು ತಲೆಯಾಡಿಸುತ್ತೇನೆ. ನಮ್ಮ ಮನೆಯಲ್ಲಿ ಈಗ ನಡೆಯುವ ಮಾತುಕತೆ ಅಷ್ಟೇ.

ಆಮೇಲೆ ನಾನು ನಿಮ್ಮನ್ನೇ ಕಾಣಲು ಬಂದೆ. ನೆನಪಿರಬಹುದು, ಇಲ್ಲದಿರಬಹುದು. ಮೆತ್ತನೆಯ ಕುರ್ಚಿ ಕೊಟ್ಟಿರಿ, ನೀರು ತರಿಸಿದಿರಿ. ನಾನು ಹೇಳಿದ್ದನ್ನೆಲ್ಲ ಕೇಳಿ, ‘ಆಪರೇಷನ್ ಚೆನ್ನಾಗೇ ಆಗಿದೆಯಲ್ಲಮ್ಮ. ಈಗ ಏನು ತೊಂದರೆ?’ ಎಂದಿರಿ. ಹುಡುಗಿ ಮಾತ್ರೆ ಬಿಟ್ಟಿದ್ದಾಳೆ ಎಂದೆ. ‘ಅದಕ್ಕೆ ನಾವೇನು ಮಾಡೋಕಾಗುತ್ತೆ? ಆ ಹುಡುಗಿ ಸ್ವಲ್ಪ ಸೂಕ್ಷ್ಮ ಅನ್ಸುತ್ತೆ’ ಎಂದಿರಿ. ಹೌದು ಸ್ವಾಮಿ, ಸೂಕ್ಷ್ಮ. ಅದಕ್ಕೇ ಆಸ್ಪತ್ರೆಗೆ ತಂದದ್ದು. ಗಟ್ಟಿಯಾಗಿದ್ದರೆ ಗರಡಿಗೆ ಕಳಿಸುತ್ತಿದ್ದೆ. ಕಾಲು ಮುರಿದವನನ್ನು ‘ಇವನ ಎಲುಬು ಸ್ವಲ್ಪ ಮುರಿಯುವ ಸ್ವಭಾವದ್ದು’ ಎಂದು ವಾಪಸು ಕಳಿಸುತ್ತೀರಾ? ಏಳುವಾಗ ‘ಸಿಬ್ಬಂದಿಗೆ ಸೂಕ್ತ ತಿಳಿವಳಿಕೆ ನೀಡುತ್ತೇವೆ’ ಎಂದು ಮೂಗಿಗೆ ತುಪ್ಪ ಸವರಿದಿರಿ. ಹೊರಗೆ ಬಂದು ಮೊಗಸಾಲೆಯ ತುದಿಗೆ ಹೋಗಿ ನೋಡಿದೆ. ತಿಳಿವಳಿಕೆ ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಹದಿನೇಳು ಹದಿನೆಂಟರ ಒಬ್ಬ ಹುಡುಗ ಮೊಣಕಾಲಿಗೆ ಹಣೆ ಹಚ್ಚಿ ಆ ಬೆಂಚಿನ ಮೇಲೆ ಕೂತಿದ್ದ. ಅವನ ಅಪ್ಪ ಪಕ್ಕದಲ್ಲಿ ನಿಂತು, ಯಾರಾದರೂ ಕಣ್ಣೆತ್ತಿ ನೋಡುತ್ತಾರೇನೋ ಎಂದು ಪ್ರತಿಯೊಂದು ಬಿಳಿ ಅಂಗಿಗೂ ನಗುತ್ತಿದ್ದ.

ಕೆಲಸದ ಒತ್ತಡ ಎಂದು ನೀವು ಹೇಳಿದಿರಿ. ಒಪ್ಪಿದೆ. ಕಿಕ್ಕಿರಿದ ಜನ, ಬೆರಳೆಣಿಕೆಯ ನರ್ಸುಗಳು, ಕಾಲು ಊದುವಷ್ಟು ಓಡಾಟ. ಕಣ್ಣಾರೆ ನೋಡಿದ್ದೇನೆ. ಆದರೆ ನನ್ನದೊಂದು ದಡ್ಡ ಪ್ರಶ್ನೆ. ‘ಎಲ್ಲಿ ನೋಯ್ತಿದೆ’ ಎಂದು ಕೇಳಲು ಎಷ್ಟು ಹೊತ್ತು ಬೇಕೋ ‘ಶುರುವಾಯ್ತು ನೋಡು’ ಎನ್ನಲೂ ಅಷ್ಟೇ ಹೊತ್ತು ಬೇಕು. ಹಾಸಿಗೆಯಿಂದ ಇಳಿಸಿ, ಮೊಗಸಾಲೆಯ ತುದಿಯವರೆಗೆ ನಡೆಸಿ, ಕೂರಿಸಿ, ಆಮೇಲೆ ತಣ್ಣಗಾದಳೋ ಎಂದು ಇಣುಕಿ ನೋಡುವುದಕ್ಕೆ ಬಿಡುವಿದೆ. ಹೊಟ್ಟೆಯ ಮೇಲೆ ಕೈ ಇಡಲು ಬಿಡುವಿಲ್ಲ. ಒತ್ತಡದಲ್ಲಿರುವವರು ಇದ್ದ ಕೆಲಸ ಬಿಡುತ್ತಾರೆ. ಇಲ್ಲದ ಕೆಲಸ ಹುಟ್ಟಿಸಿಕೊಳ್ಳುವುದಿಲ್ಲ.

ಇನ್ನೊಂದು ಮಾತು, ಈ ವಯಸ್ಸಿನ ವಿಷಯ. ನಿಮ್ಮವರೆಲ್ಲರ ಬಾಯಲ್ಲೂ ಒಂದೇ ಪಲ್ಲವಿ, ‘ನಿನ್ನ ವಯಸ್ಸಿಗೆ ಏನಮ್ಮ ಕಷ್ಟ?’ ನಮ್ಮ ಟಾಕೀಸಿನಲ್ಲಿ ಕೆಲವು ಸಿನಿಮಾಗಳಿಗೆ ‘ವಯಸ್ಕರಿಗೆ ಮಾತ್ರ’ ಎಂದು ಬೋರ್ಡು ತೂಗುಹಾಕುತ್ತಿದ್ದೆವು. ಸಂಕಟಕ್ಕೂ ಆ ಬೋರ್ಡು ಹಾಕಿದವರು ಯಾರು? ನನ್ನ ಮಂಡಿನೋವಿಗೆ ನಿಮ್ಮವರು ಕುರ್ಚಿ ಎಳೆದು ಕೊಡುತ್ತಾರೆ, ‘ಪಾಪ, ವಯಸ್ಸಾಯ್ತು’ ಎನ್ನುತ್ತಾರೆ. ನನಗೇನು, ಬದುಕಿ ಮುಗಿಸಿದ್ದೇನೆ, ಮಂಡಿ ಹೋದರೆ ಕೂತು ಬೈಯುತ್ತೇನೆ. ಬದುಕು ಇನ್ನೂ ಪೂರ್ತಿ ಮುಂದಿರುವವರಿಗೆ ಅಲ್ಲವೇ ಕುರ್ಚಿ ಎಳೆದು ಕೊಡಬೇಕಾದದ್ದು? ‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎಂದು ನರ್ಸಮ್ಮ ನನ್ನ ಮುಂದೆ ಅಂದಳು. ನನ್ನ ಕಾಲ ಅವಳ ಕಾಲಕ್ಕಿಂತ ಹಳೆಯದು, ನಾನು ಹೇಳುತ್ತೇನೆ ಕೇಳಿ, ಇತ್ತು. ಪ್ರತಿ ಬೀದಿಯಲ್ಲೂ ಒಂದು ಮನೆಯ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕವಿರುತ್ತಿತ್ತು. ಇರಲಿಲ್ಲ ಎಂದು ಕಂಡದ್ದು ಚಿಲಕ ಹಾಕಿದ್ದರಿಂದ.

ನಿಮಗೆ ಕಳಿಸುವ ಈ ಪತ್ರವನ್ನು ಪತ್ರಿಕೆಗೂ ಕೊಡಬೇಕೆಂದಿದ್ದೆ, ಅವಳಿಗೆ ಹೇಳದೆ ಅಚ್ಚಿಗೆ ಕಳಿಸುವುದು ತಪ್ಪು ಎಂದು ಮಗಳು ಹೇಳಿದಳು. ಸರಿಯೆನಿಸಿತು. ಬರೆದದ್ದನ್ನು ಹಿಡಿದು ಮೊಮ್ಮಗಳ ಕೋಣೆಗೆ ಹೋದೆ. ಗೋಡೆಯ ಕಡೆ ತಿರುಗಿ ಮಲಗಿದ್ದವಳು ಮೊದಲು ‘ಇಟ್ಟು ಹೋಗು’ ಎಂದಳು. ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕರೆದಳು. ಓದಲಿಕ್ಕೆಂದು ಪರದೆಯನ್ನು ಒಂದು ಗೇಣು ಸರಿಸಿಕೊಂಡಿದ್ದಳು. ನನ್ನ ಕಾಗುಣಿತವನ್ನೆಲ್ಲ ತಿದ್ದಿದ್ದಳು. ಕೆಲವು ಬೈಗುಳ ಹೊಡೆದುಹಾಕಿದ್ದಳು, ನೀವು ಬದುಕಿಕೊಂಡಿರಿ.

‘ಇಲ್ಲಿ ಪಾಪದ ಹುಡುಗಿ ಅಂತ ಬರ್ದಿದ್ಯಾ. ಅದನ್ನ ತೆಗೆದಿದ್ದೀನಿ. ನಾನು ಪಾಪ ಅಲ್ಲ.’

‘ಸರಿ.’

‘ಯಾರ ಹೆಸರೂ ಬೇಡ. ನಂದೂ ಬೇಡ, ಅವರದೂ ಬೇಡ. ಊರೂ ಬೇಡ.’

‘ಆ ನರ್ಸಮ್ಮನ ಹೆಸರಾದ್ರೂ...’

‘ಬೇಡ ಅಂದ್ನಲ್ಲ. ಆಮೇಲೆ, ಕೊನೇಲಿ ಅವಳು ಬಂದು ಕ್ಷಮೆ ಕೇಳಬೇಕು ಅಂತ ಬರ್ದಿದ್ಯಾ. ಕ್ಷಮೆ ತಗೊಂಡು ನಾನೇನು ಮಾಡ್ಲಿ? ವಾದ ವೀಕು ಅಜ್ಜಿ.’

ಅಧಿಕಾರಿಗಳೇ, ವಾದ ವೀಕು ಎಂದು ಬೈಸಿಕೊಂಡು ಎಷ್ಟು ದಿನವಾಗಿತ್ತು. ‘ಹಾಗಾದ್ರೆ ಏನು ಕೇಳಲಿ, ನೀನೇ ಹೇಳು’ ಎಂದೆ. ಅವಳು ಹೇಳಿದ್ದನ್ನು ಇಲ್ಲಿ ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ. ನನ್ನ ಬೇಡಿಕೆಯೂ ಇದೇ.

‘ಹೊಟ್ಟೆನೋವು ನಿಜ ಅಂತ ಅವರಿಗೆ ಈಗ ಗೊತ್ತು. ಹೊಟ್ಟೆ ಕೊಯ್ದು ನೋಡಿದಾರೆ. ಅದನ್ನ ಹೇಳಿದ್ರೆ ನಂಗೇನೂ ಪ್ರಯೋಜನ ಇಲ್ಲ. ಕೊಯ್ದು ನೋಡೋಕಾಗದೇ ಇರೋದನ್ನೂ ನಂಬ್ತೀವಿ ಅಂತ ಹೇಳ್ಲಿ. ಮಾತ್ರೆ ತಗೊಳ್ತೀನಿ ಅಂತ ಹೇಳಿದ ಮೇಲೂ ಮುಂದಿನ ಪ್ರಶ್ನೆ ನನ್ನನ್ನೇ ಕೇಳ್ಲಿ. ಅಷ್ಟು ಸಾಕು.’

ಆ ಮಾತನ್ನು ನಾನು ಅವಳಿಗೆ ಹೇಳಬಹುದು, ಹೇಳಿದ್ದೇನೆ. ನಾನು ಹೇಳಿದರೆ ಅದು ಅಜ್ಜಿಯ ಪ್ರೀತಿ, ಕವಡೆಯ ಬೆಲೆಯಿಲ್ಲ. ನೀವು ಹೇಳಿದರೆ ಅದು ನಿಜ. ಆದ್ದರಿಂದ ನೀವೇ, ಅಥವಾ ನಿಮ್ಮ ಅಪ್ಪಣೆಯಂತೆ ಆ ಕಿರಿಯ ಡಾಕ್ಟರೇ, ಅವಳ ಎದುರಿಗೆ ನಿಂತು, ಅವಳ ಮುಖ ನೋಡಿ ಹೇಳಬೇಕು. ಸಿಡುಕಿಕೊಂಡೇ ಹೇಳಲಿ, ಅಡ್ಡಿಯಿಲ್ಲ. ಆ ಬೆಂಚನ್ನು ಕಿತ್ತು ಗುಜರಿಗೆ ಹಾಕಬೇಕು ಎಂಬುದು ನನ್ನ ಸ್ವಂತ ಸೇರ್ಪಡೆ. ಅದನ್ನು ಅವಳು ಹೊಡೆದುಹಾಕಿಲ್ಲ.

ಬರುವ ಸೋಮವಾರ ಬೆಳಿಗ್ಗೆ ಮೇಲಿನ ಮಹಡಿಯ ಡಾಕ್ಟರ ಹತ್ತಿರ ಬರಲು ಅವಳು ಒಪ್ಪಿದ್ದಾಳೆ. ಒಂದೇ ಒಂದು ಸಲ, ನೋಡುವುದಕ್ಕೆ. ಕೆಳಗೆ ಯಾರಾದರೂ ಹುಬ್ಬು ಹಾರಿಸಿದರೆ ಅಲ್ಲಿಂದಲೇ ತಿರುಗುತ್ತಾಳಂತೆ, ಆಮೇಲೆ ಈ ಜನ್ಮದಲ್ಲಿ ಬರುವುದಿಲ್ಲವಂತೆ. ಅವಳು ಹೇಳಿದ್ದನ್ನು ಮಾಡುವವಳು. ಬರುವುದಕ್ಕೆ ನನಗೊಂದು ಶರತ್ತು ಹಾಕಿದ್ದಾಳೆ. ಆಸ್ಪತ್ರೆಯ ಗೇಟು ದಾಟಿ ಒಳಗೆ ಹೋದಾಗಿನಿಂದ ಹಿಡಿದು ವಾಪಸು ಹೊರಗೆ ಬರುವವರೆಗೆ ನಾನು ಬಾಯಿ ಬಿಡಬಾರದು. ‘ನೀನು ಕೂಗಿದ್ರೆ ಎಲ್ರೂ ನಿನ್ನನ್ನೇ ನೋಡ್ತಾರೆ ಅಜ್ಜಿ. ನನ್ನ ಮಾತು ನಾನೇ ಆಡ್ತೀನಿ’ ಎಂದಳು.

ಮಾತು ಕೊಟ್ಟಿದ್ದೇನೆ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆದು ಮುಗಿಸಿದ್ದೇನೆ. ಸೋಮವಾರ ನಿಮ್ಮ ಮೊಗಸಾಲೆಯಲ್ಲಿ ಒಬ್ಬ ಮುದುಕಿ ತುಟಿ ಹೊಲಿದುಕೊಂಡು ನಿಂತಿರುವುದು ಕಂಡರೆ ಅವಳನ್ನು ಮಾತಾಡಿಸಬೇಡಿ. ಪಕ್ಕದಲ್ಲಿರುವವಳನ್ನು ಮಾತಾಡಿಸಿ.

ಇಂತಿ, ನಿಮ್ಮ ಮೇಲೆ ವಿಶ್ವಾಸವಿಲ್ಲದಿದ್ದರೂ ಬೇರೆ ಆಸ್ಪತ್ರೆಯಿಲ್ಲದ,
ಮೂಕಿಯಾಗಿ ಬರಲು ಒಪ್ಪಿಕೊಂಡಿರುವ,
ಟಿಕೆಟ್ ಕಿಂಡಿಯ ಅಜ್ಜಿ